ದ್ವೀಪಕ್ಕೆ ಹೋದ ಹೊಳೆ

ಸುತ್ತಲೂ ಮರಳೇ ಇರುವ ದೇಶವೊಂದು ನಮ್ಮಿಂದ ಮರಳು ತರಿಸಿಕೊಳ್ಳುತ್ತದೆ ಎಂದು ನಾನು ಮೊದಲ ಸಲ ಹೇಳಿದಾಗ ನಮ್ಮತ್ತೆ ನಕ್ಕಿದ್ದರು. "ತಿರುಪತಿಗೆ ಹೋಗಿ ಕೂದಲು ಮಾರಿದ ಹಾಗಾಯ್ತು" ಅಂದಿದ್ದರು.

ನಾನು ಮಂಡ್ಯದ ಕಡೆಯವಳು. ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದೆ. ಗಂಡನಿಗೆ ಬಂದರಿನಲ್ಲಿ ಪಾಳಿಯ ಕೆಲಸ. ನನ್ನದು ಒಂದು ಸಣ್ಣ ಲ್ಯಾಬಿನಲ್ಲಿ. ಹಡಗು ಹತ್ತುವ ಸರಕನ್ನು ಮೊದಲು ನಾವು ಪರೀಕ್ಷೆ ಮಾಡಿ, ಸರಿಯಿದೆ ಎಂದು ಹೇಳಬೇಕು. ಅಕ್ಕಿ, ಬೇಳೆ, ಈರುಳ್ಳಿ ಬರುತ್ತವೆ. ಅನಕಾಪಲ್ಲಿ ಕಡೆಯ ಕ್ವಾರಿಗಳಿಂದ ಜಲ್ಲಿ ಬರುತ್ತದೆ. ಮತ್ತೆ ಹೊಳೆಮರಳು. ಕಡಲ ಮರಳಿನಲ್ಲಿ ಉಪ್ಪಿರುತ್ತದೆ. ಅದರಿಂದ ಕಾಂಕ್ರೀಟು ಹಾಕಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಗೋಡೆ ಬಿರಿಯುತ್ತದೆ. ಹಾಗಾಗಿ ಒಂದೇ ಒಂದು ಹೊಳೆಯೂ ಇಲ್ಲದ ಆ ದ್ವೀಪ ದೇಶಕ್ಕೆ ಮನೆ ಕಟ್ಟಲು ನಮ್ಮ ಹೊಳೆಗಳ ಮರಳು ಬೇಕು.

ವರ್ಷಕ್ಕೆ ಇಷ್ಟು ಮೊಟ್ಟೆ, ಇಷ್ಟು ಸಕ್ಕರೆ, ಇಷ್ಟು ಮರಳು ಎಂದು ಎರಡು ಸರ್ಕಾರಗಳೂ ಮೊದಲೇ ಮಾತಾಡಿಕೊಂಡಿರುತ್ತವೆ. ಬೇರೆ ದೇಶಗಳಿಗೆ ಈರುಳ್ಳಿ ಕಳಿಸುವುದು ನಿಂತಾಗಲೂ ಆ ದ್ವೀಪದ ಪಾಲು ಮಾತ್ರ ನಿಲ್ಲುವುದಿಲ್ಲ. ಅವರ ಅಡುಗೆಮನೆ ನಡೆಯುವುದೇ ನಮ್ಮ ಸರಕಿನಿಂದ ಎಂದು ಲ್ಯಾಬಿನಲ್ಲಿ ಎಲ್ಲರೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು.

ನಾನು ಹೇಳಹೊರಟಿರುವುದು ಆ ಎರಡು ದೇಶಗಳ ನಡುವೆ ಮಾತು ಕೆಟ್ಟಿದ್ದ ಕಾಲದ ವಿಷಯ. ಅಲ್ಲಿ ಹೊಸ ಸರ್ಕಾರ ಬಂದಿತ್ತು. ನಮ್ಮ ಸೈನಿಕರು ಅಲ್ಲಿಂದ ಹೊರಡಬೇಕು ಎಂದು ಅವರು ಹೇಳಿದ್ದರು. ಇಲ್ಲಿನವರು ಆ ದ್ವೀಪಕ್ಕೆ ಪ್ರವಾಸ ಹೋಗುವುದನ್ನು ರದ್ದು ಮಾಡಿ, ಅದನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು. ಮರಳಿನ ಪಾಲು ಮಾತ್ರ ಆ ವರ್ಷ ಇನ್ನೂ ಹೆಚ್ಚಾಯಿತು. ನಮ್ಮೂರ ಕಡೆ ಜಗಳವಾಡಿ ಮಾತು ಬಿಟ್ಟ ಓರಗಿತ್ತಿಯರು ಹಿತ್ತಲ ಗೋಡೆಯ ಮೇಲಿಂದ ಹೆಪ್ಪು ಕೊಡುವುದನ್ನು ಮಾತ್ರ ಬಿಡುವುದಿಲ್ಲವಲ್ಲ, ಹಾಗೆ.

ಮರಳು ತುಂಬುವ ಮೊದಲು ತಾವೇ ನೋಡಬೇಕೆಂದು ಆ ದೇಶದವರು ಒಬ್ಬ ಎಂಜಿನಿಯರನ್ನು ಕಳಿಸಿದರು. ಐವತ್ತರ ಆಸುಪಾಸಿನ ಮನುಷ್ಯ. ತೆಳ್ಳಗಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಆ ದಿನಗಳ ಗಾಳಿಯೇ ಹಾಗಿತ್ತು. ಲ್ಯಾಬಿನಲ್ಲಿ ಯಾರೂ ಅವರ ಜೊತೆ ಕೂತು ಟೀ ಕುಡಿಯಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಕಿವಿಯಲ್ಲಿ, "ಫೋಟೋ ಗೀಟೋ ತೆಗೆಯದ ಹಾಗೆ ನೋಡಿಕೊಳ್ಳಿ" ಅಂದರು. ಮರಳಿನ ಫೋಟೋ ತೆಗೆದು ಯಾರು ಏನು ಮಾಡುತ್ತಾರೋ ನನಗೆ ತಿಳಿಯಲಿಲ್ಲ.

ಮರಳಿನಲ್ಲಿ ಮಣ್ಣೆಷ್ಟಿದೆ ಎಂದು ನೋಡಲು ಗಾಜಿನ ಜಾಡಿಯಲ್ಲಿ ನೀರು ಹಾಕಿ ಅಲುಗಿಸಿ ಇಡುತ್ತೇವೆ. ಮರಳು ತಳಕ್ಕಿಳಿದು, ಮಣ್ಣು ಅದರ ಮೇಲೆ ಪದರವಾಗಿ ಕೂರುತ್ತದೆ. ನಾನು ಒಬ್ಬಳೇ ಇರುವಾಗ ಕನ್ನಡದಲ್ಲಿ ಗೊಣಗಿಕೊಳ್ಳುವ ಅಭ್ಯಾಸದವಳು. ಮಗಳಿಗೆ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುತ್ತದೆ. ನನ್ನ ಕನ್ನಡಕ್ಕೆ ನಾನೇ ಕಿವಿ. ಆವತ್ತು ಜಾಡಿ ನೋಡುತ್ತಾ, "ಏನಪ್ಪಾ ಇದು, ಇಷ್ಟೊಂದು ಮಣ್ಣು" ಅಂದೆ.

ಹಿಂದಿನಿಂದ ದನಿ ಬಂತು. "ಮಣ್ಣು ಜಾಸ್ತಿನಾ ಮೇಡಂ?"

ತಿರುಗಿ ನೋಡಿದರೆ ಆ ಎಂಜಿನಿಯರು. ಮೈಸೂರಿನಲ್ಲಿ ಓದಿದ್ದರಂತೆ. ಅವರ ದೇಶದಿಂದ ಎಷ್ಟೋ ಜನ ಆಗ ಮೈಸೂರು, ಬೆಂಗಳೂರಿಗೆ ಓದಲು ಬರುತ್ತಿದ್ದರು. ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿಯ ಕೋಣೆಯಲ್ಲಿದ್ದರು. "ಕೆಳಗಡೆ ಓನರಮ್ಮ ಇದ್ರು. ಸಾಯಂಕಾಲ ಮಳೆ ಬಂದ್ರೆ ಜೋರಾಗಿ ಕೂಗೋರು, ಬಟ್ಟೆ ತಗೊಳ್ರೋ ಅಂತ. ಕನ್ನಡ ಕಲ್ಸಿದ್ದು ಅವ್ರೇ" ಅಂದರು. ಅವರ ಕನ್ನಡ ಅಲ್ಲಲ್ಲಿ ಎಡವುತ್ತಿತ್ತು. ಆದರೂ ವಿಶಾಖಪಟ್ಟಣದ ಆ ಲ್ಯಾಬಿನಲ್ಲಿ, ನನ್ನ ದೇಶದವರೆಲ್ಲ ಅವರಿಂದ ದೂರ ಕೂತಿದ್ದಾಗ, ನನ್ನ ಭಾಷೆ ಆಡುತ್ತಿದ್ದವರು ಅವರೊಬ್ಬರೇ.

ಮಾರನೆಯ ದಿನ ಕೆಲಸ ಮುಗಿದ ಮೇಲೆ ಅವರು ಹೊರಡದೆ ನಿಂತರು. ಏನೋ ಕೇಳಬೇಕು, ಹೇಗೆ ಕೇಳುವುದು ಎಂಬ ಹಾಗೆ ಫೋನನ್ನು ಕೈಯಲ್ಲಿ ತಿರುವುತ್ತಿದ್ದರು.

"ಮೇಡಂ, ಒಂದು ಕೇಳಿಸ್ತೀನಿ. ಇದು ಕನ್ನಡನಾ ಹೇಳಿ. ನನಗೆ ಹಾಗನ್ಸುತ್ತೆ, ಆದ್ರೆ ಅರ್ಥ ಆಗಲ್ಲ."

ಫೋನಿನಿಂದ ಒಬ್ಬ ಮುದುಕಿಯ ದನಿ ಬಂತು. ಹಿಂದೆ ಫ್ಯಾನಿನ ಸದ್ದು, ದೂರದಲ್ಲಿ ಯಾವುದೋ ಟೀವಿ. ದನಿ ಮಾತ್ರ ಬಯಲಿನಲ್ಲಿ ನಿಂತು ಯಾರನ್ನೋ ಕರೆಯುವ ಹಾಗೆ ಎಳೆದೆಳೆದು ಬರುತ್ತಿತ್ತು. "ನೀಳ್ಳೊಸ್ತನ್ನಾಯ್... ಗಟ್ಟೆಕ್ಕೂ..."

"ಇದು ತೆಲುಗು" ಅಂದೆ. "ಯಾರು ಇವರು?"

"ನಮ್ಮಮ್ಮ."

ಆಮೇಲೆ ಅವರು ಕೂತು ಹೇಳಿದರು. ಅವರ ತಾಯಿ ಹುಟ್ಟಿ ಬೆಳೆದದ್ದು ದೂರದ ಒಂದು ಪುಟ್ಟ ದ್ವೀಪದಲ್ಲಿ. ಅಲ್ಲಿ ಬಾವಿಗಳಿಗೆ ಉಪ್ಪುನೀರು ನುಗ್ಗಿ, ದಡ ಕರಗಿ, ಜನರನ್ನೆಲ್ಲ ರಾಜಧಾನಿಯ ಪಕ್ಕ ಸಮುದ್ರದಲ್ಲಿ ಮರಳು ತುಂಬಿ ಮಾಡಿದ ಹೊಸ ನೆಲಕ್ಕೆ ಕರೆತಂದರು. ಅಲ್ಲಿ ಎತ್ತರದ ಕಟ್ಟಡಗಳೆದ್ದವು. ಕಟ್ಟಡಗಳಿಗೆ ನಮ್ಮ ಹೊಳೆಮರಳು. ಮಗನ ಜೊತೆ ಅಂಥ ಒಂದು ಮನೆಗೆ ಬಂದ ಮೇಲೆ ಮುದುಕಿಗೆ ಇದು ಶುರುವಾಯಿತು.

"ಸಾಯಂಕಾಲ, ಬೆಳಕು ಕಮ್ಮಿ ಆಗುವಾಗ ಗೋಡೆ ಕಡೆ ತಿರುಗಿ ಕೂರ್ತಾರೆ. ಇದನ್ನ ಹೇಳ್ತಾರೆ. ಆಮೇಲೆ ಟೀ ಕೇಳ್ತಾರೆ. ಏನಮ್ಮ ಹೇಳಿದ್ದು ಅಂದ್ರೆ, ನಾನೇನು ಹೇಳ್ದೆ ಅಂತ ನನ್ನೇ ಕೇಳ್ತಾರೆ. ಡಾಕ್ಟ್ರು ವಯಸ್ಸು ಅಂದ್ರು. ಮಸೀದಿಯ ಹಿರಿಯರು ಓದಿ ನೀರು ಕೊಟ್ರು."

"ಆ ಮನೆ ಕಟ್ಟುವಾಗ ಆಂಧ್ರದ ಕೂಲಿಯವರು ಇದ್ದಿರಬೇಕು. ಅವರ ಬಾಯಲ್ಲಿ ಕೇಳಿರುತ್ತಾರೆ" ಅಂದೆ.

"ಕಟ್ಟಿದ್ದು ಬೇರೆ ದೇಶದವ್ರು. ಆಮೇಲೆ ನಾವು ಹೋಗಿದ್ದು" ಅಂದರು. ಫೋನನ್ನು ನನ್ನ ಕಡೆ ಸರಿಸಿ, "ಅರ್ಥ ಏನು ಮೇಡಂ?"

ನಾನು ಹೇಳಿದೆ. ನೀರು ಬರ್ತಾ ಇದೆ, ದಡ ಹತ್ತು.

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. "ನಮ್ಮ ದೇಶದಲ್ಲಿ ಹತ್ತೋಕೆ ದಡ ಇಲ್ಲ ಮೇಡಂ" ಅಂದರು.

ಆ ದನಿಯನ್ನು ನಾನು ನನ್ನ ಫೋನಿಗೆ ಹಾಕಿಸಿಕೊಂಡಿದ್ದೆ. ಮನೆಗೆ ಬಂದು ಅತ್ತೆಗೆ ಕೇಳಿಸಿದೆ. ಅವರದು ಕೃಷ್ಣಾ ತೀರದ ತೆಲುಗು, ವಿಜಯವಾಡದಿಂದ ಕೆಳಗೆ ಹೊಳೆಯ ದಡದ ಹಳ್ಳಿ. ಇಲ್ಲಿ ಅವರ ಮಾತನ್ನು ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಅಡುಗೆಮನೆಯ ಬಾಗಿಲಲ್ಲಿ ಕೂತು ಗೋರಿಕಾಯಿ ಮುರಿಯುತ್ತಿದ್ದರು. ಒಂದು ಸಲ ಕೇಳಿ ಕೈ ನಿಲ್ಲಿಸಿದರು. ಇನ್ನೊಂದು ಸಲ ಹಾಕು ಅಂದರು. ಮತ್ತೆ ಹಾಕಿಸಿಕೊಂಡರು.

"ಯಾರದು?"

"ಆ ಎಂಜಿನಿಯರ ತಾಯಿ. ದ್ವೀಪದಲ್ಲಿದ್ದಾರೆ."

"ಅಲ್ಲ ಅಮ್ಮಾಯ್. ಇದು ನಮ್ಮಕ್ಕ."

ನನ್ನ ಮದುವೆಯಾದಾಗಿನಿಂದ ಅತ್ತೆ ನನ್ನನ್ನು ಅಮ್ಮಾಯ್, ಹುಡುಗಿ, ಎಂದೇ ಕರೆಯುವುದು. ಅವರಿಗೊಬ್ಬ ಅಕ್ಕ ಇದ್ದರೆಂದು ನನಗೆ ಗೊತ್ತಿತ್ತು, ಚಿಕ್ಕಂದಿನಲ್ಲೇ ಹೋಗಿಬಿಟ್ಟರು ಎಂಬಷ್ಟು. ಉಳಿದದ್ದನ್ನು ಅವರು ಅಂದು ಹೇಳಿದರು. ಬೇಸಗೆಯಲ್ಲಿ ಹೊಳೆ ಬತ್ತಿ ಮರಳು ಬಯಲಾದಾಗ ಅವರ ಊರಿನವರು ಹೊಳೆಯೊಳಗೇ ಕಲ್ಲಂಗಡಿ, ಸೌತೆಯ ತೋಟ ಹಾಕುತ್ತಿದ್ದರು. ಮೇಲೆ ಬ್ಯಾರೇಜಿನ ಗೇಟು ಎತ್ತಿದರೆ ಸದ್ದಿಲ್ಲದೆ ನೀರು ಬರುತ್ತಿತ್ತು. ಅಕ್ಕನದು ದೊಡ್ಡ ಗಂಟಲು. ನೀರಿನ ಸುಳಿವು ಸಿಕ್ಕಿದ ಕೂಡಲೇ ತೋಟದಿಂದ ತೋಟಕ್ಕೆ ಓಡುತ್ತಾ ಎಲ್ಲರನ್ನೂ ಕರೆಯುತ್ತಿದ್ದಳು. ಒಂದು ವರ್ಷ ಹಾಗೇ ಎಲ್ಲರನ್ನೂ ಹತ್ತಿಸಿ, ಕೊನೆಯ ತೋಟದವರನ್ನು ಕರೆಯಲು ಇನ್ನೂ ಕೆಳಕ್ಕೆ ಹೋದಳು. ಆ ತೋಟದವರು ಆವತ್ತು ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ಅಲ್ಲಿ ಯಾರೂ ಇರಲಿಲ್ಲ. ಅವಳು ಕರೆಯುತ್ತಿದ್ದದ್ದು ದಡದವರಿಗೆಲ್ಲ ಕೇಳುತ್ತಿತ್ತು, ಆಮೇಲೆ ಕೇಳಲಿಲ್ಲ. ಸಮುದ್ರ ಸೇರುವ ಜಾಗದವರೆಗೂ ಹುಡುಕಿದರು. ಸಿಗಲಿಲ್ಲ.

"ದನಿ ಬೇರೆ. ಅದು ಮುದುಕಿಯ ದನಿ, ಅಕ್ಕ ಮುದುಕಿಯಾಗಲೇ ಇಲ್ಲ" ಅಂದರು ಅತ್ತೆ. "ಆ ಎಳೆತ ಇದೆಯಲ್ಲ, ಕೊನೆಗೆ ಮೇಲಕ್ಕೆತ್ತಿ ಬಿಡೋದು, ಅದು ಇನ್ಯಾರದ್ದೂ ಅಲ್ಲ."

ನಾನು ಜಗಳಕ್ಕೆ ನಿಂತವಳ ಹಾಗೆ ಹೇಳಿದೆ, "ಅತ್ತಯ್ಯಾ, ನಮ್ಮ ಈ ಮನೆಯ ಗೋಡೆಗೂ ಹೊಳೆಮರಳೇ ಹಾಕಿರೋದು. ಇಷ್ಟು ವರ್ಷ ಅದಕ್ಕೇ ಒರಗಿ ಟೀವಿ ನೋಡಿದ್ದೀರಿ. ಏನಾದರೂ ಕೇಳಿಸಿದೆಯಾ?"

ಅವರು ಮತ್ತೆ ಗೋರಿಕಾಯಿ ಕೈಗೆತ್ತಿಕೊಂಡರು. "ನಾವು ದಡದ ಮೇಲೇ ಇದ್ದೀವಲ್ಲ ಅಮ್ಮಾಯ್. ನಮಗ್ಯಾಕೆ ಹೇಳ್ತಾಳೆ" ಅಂದರು.

ಅದನ್ನು ಅವರು ತೀರ ಸಹಜವಾಗಿ ಹೇಳಿದರು, ಅಂಗಡಿಗೆ ಯಾಕೆ ಹೋಗಬೇಕು, ಮನೆಯಲ್ಲೇ ಇದೆಯಲ್ಲ ಎನ್ನುವ ಹಾಗೆ. ನನಗೆ ಆ ಮೇಲೆ ನಮ್ಮ ನಡುಮನೆಯ ಗೋಡೆಗೆ ಒರಗಲು ಮನಸ್ಸಾಗಲಿಲ್ಲ. ಲ್ಯಾಬಿನಲ್ಲಿ ಮರಳನ್ನು ಜರಡಿ ಹಿಡಿಯುವ ಯಂತ್ರದ ಸದ್ದು ದೂರದಲ್ಲಿ ಬಹಳ ಜನ ನಡೆದು ಹೋಗುತ್ತಿರುವ ಸದ್ದಿನ ಹಾಗೆ ಕೇಳತೊಡಗಿತು. ಮೊದಲೂ ಅದು ಹಾಗೇ ಇದ್ದಿರಬೇಕು.

ಎಂಜಿನಿಯರು ಮರಳು ಎತ್ತುವ ಜಾಗವನ್ನು ನೋಡಲು ಹೇಗೂ ವಿಜಯವಾಡಕ್ಕೆ, ಕೃಷ್ಣೆಯ ದಡಕ್ಕೆ ಹೋಗಬೇಕಿತ್ತು. ಲ್ಯಾಬಿನಿಂದ ಜೊತೆಗೆ ನಾನು. ನಾನೂ ಬರುತ್ತೇನೆ ಎಂದು ಅತ್ತೆ ಹಟ ಹಿಡಿದರು. ಅವರ ತವರಿನಲ್ಲಿ ಈಗ ಯಾರೂ ಇಲ್ಲ, ಊರು ಬಿಟ್ಟು ದಶಕಗಳೇ ಆಗಿವೆ. ಮಂಡಿನೋವಿನಿಂದ ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುವವರು ಬೆಳಗಿನ ರೈಲಿಗೆ ನನಗಿಂತ ಮೊದಲೇ ತಯಾರಾಗಿ ನಿಂತಿದ್ದರು.

ರೈಲಿನಲ್ಲಿ ಅತ್ತೆ ಎಂಜಿನಿಯರ ಎದುರು ಕೂತರು. ಅವರನ್ನು ಬಾಬೂ ಎಂದು ಕರೆದರು. ಅತ್ತೆ ತೆಲುಗಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿ, ಎಂಜಿನಿಯರ ಕನ್ನಡವನ್ನು ಅತ್ತೆಗೆ ತೆಲುಗಿನಲ್ಲಿ ಹೇಳಿದೆ. ನಿಮ್ಮಮ್ಮನಿಗೆ ಖಾರ ಸೇರುತ್ತದೆಯಾ? ಎಡಗೈಯವರಾ, ಬಲಗೈಯವರಾ? ನಡೆಯುವಾಗ ಹಾಡಿಕೊಳ್ಳುತ್ತಾರಾ? ಅವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದರು. ತಾಯಿ ಎಡಗೈಯವರು ಎಂದಾಗ ಅತ್ತೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಅಕ್ಕನೂ ಎಡಗೈಯವಳಾ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಪಕ್ಕದ ಸೀಟಿನವರೊಬ್ಬರು ನಮ್ಮ ಮಾತು ಕೇಳಿ, ಇವರು ಯಾವ ದೇಶದವರು ಅಂದರು. ನಾನು ಹೇಳುವ ಮೊದಲೇ ಅತ್ತೆ, "ಮಾ ವಾಳ್ಳೇ" ಅಂದರು. ನಮ್ಮವರೇ ಎಂದು ಅದರ ಅರ್ಥ.

ವಿಜಯವಾಡದಲ್ಲಿ ಇಳಿದ ಮೇಲೆ ಅತ್ತೆ ಮೊದಲು ಒನ್ ಟೌನ್‌ಗೆ ಕರೆದುಕೊಂಡು ಹೋಗು ಅಂದರು. ಸಗಟು ಅಂಗಡಿಗಳ ಆ ಇಕ್ಕಟ್ಟು ಬೀದಿಯಲ್ಲಿ, ಮೂಟೆ ಹೊತ್ತವರ ನಡುವೆ ನುಸುಳಿಕೊಂಡು, ಒಂದು ಮಂಗಳಗಿರಿ ಸೀರೆ ತೆಗೆದುಕೊಂಡರು. ಹಳದಿ ಮೈ, ಸಣ್ಣ ಜರಿಯ ಅಂಚು. ಜೊತೆಗೆ ಅರಿಸಿನ, ಕುಂಕುಮ, ಬಳೆ. ಅಕ್ಕನಿಗೆ ಹೊಳೆಯಲ್ಲಿ ಬಿಡಬೇಕು ಅಂದರು. ಇಷ್ಟು ವರ್ಷ ಯಾರೂ ಅವಳಿಗೆ ಏನೂ ಕೊಟ್ಟಿರಲಿಲ್ಲ.

ಮರಳು ಎತ್ತುವ ಜಾಗ ಬ್ಯಾರೇಜಿನಿಂದ ಬಹಳ ಕೆಳಗೆ. ನಾವು ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಮೇಲೆ ಎಲ್ಲೋ ಮಳೆಯಾಗಿದೆ ಎಂದು ಲಾರಿಗಳನ್ನು ಆ ದಿನ ನಿಲ್ಲಿಸಿದ್ದರು. ಯಂತ್ರಗಳು ಕೈಚಾಚಿ ಹಾಗೇ ನಿಂತಿದ್ದವು. ಕಟ್ಟೆಯ ಮೇಲೆ ಕಾವಲಿನವನೊಬ್ಬ ಶೆಡ್ಡಿನಲ್ಲಿ ಕೂತಿದ್ದ. ಅತ್ತೆಯ ಹಳ್ಳಿ ಎದುರಿಗೇ ಇತ್ತು, ಆದರೆ ಅವರಿಗೆ ಗುರುತು ಹತ್ತಲು ಹೊತ್ತಾಯಿತು. ಕೊನೆಗೆ ಒಂದು ಆಲದ ಮರ ಹಿಡಿದು, ಇದೇ ಅಂದರು.

ಎಂಜಿನಿಯರು ಕಟ್ಟೆಯ ಅಂಚಿನಲ್ಲಿ ನಿಂತು ಹೊಳೆಯನ್ನು ನೋಡುತ್ತಿದ್ದರು. ಆಚೆ ದಡದ ಕಡೆ ನೀರಿನ ಅಗಲವಾದ ಪಟ್ಟಿ ಹರಿಯುತ್ತಿತ್ತು. "ಇದು ಒಂದೇ ಕಡೆ ಹೋಗ್ತಿದೆ" ಅಂದರು. "ಶ್ರೀರಂಗಪಟ್ಟಣದಲ್ಲಿ ಕಾವೇರಿ ನೋಡಿದಾಗ್ಲೂ ನನಗೆ ಭಯ ಆಗಿತ್ತು ಮೇಡಂ. ಫ್ರೆಂಡ್ಸೆಲ್ಲ ನಕ್ಕಿದ್ರು. ಸಮುದ್ರ ವಾಪಸ್ ಬರುತ್ತೆ. ಇದು ಬರಲ್ಲ."

ಅಷ್ಟರಲ್ಲಿ ಅತ್ತೆ ಇಳಿಯಲು ಶುರುಮಾಡಿದ್ದರು. ಲಾರಿ ಇಳಿಯುವ ಇಳಿಜಾರಿನಲ್ಲಿ ನನ್ನ ಭುಜವನ್ನೂ ಹಿಡಿಯದೆ, ಸೀರೆಯ ಪೊಟ್ಟಣವನ್ನು ಎದೆಗೆ ಅವುಚಿಕೊಂಡು, ಚಿಕ್ಕ ಹುಡುಗಿಯ ಹಾಗೆ ಸರಸರ ನಡೆದರು. ನಾನು ಹಿಂದೆ ಓಡಿದೆ. ಎಂಜಿನಿಯರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬಂದರು.

ಕೆಳಗೆ ಹೋದಷ್ಟೂ ಸದ್ದು ಕಡಿಮೆಯಾಯಿತು. ಮರಳನ್ನು ಎಷ್ಟು ಆಳಕ್ಕೆ ತೆಗೆದಿದ್ದರೆಂದರೆ ಸುತ್ತ ಮರಳಿನ ಗೋಡೆಗಳೆದ್ದಿದ್ದವು. ದಡದ ಮರಗಳು ಕಾಣದಾದವು. ಹೊಳೆಯೂ ಕಾಣುತ್ತಿರಲಿಲ್ಲ. ಹೊಂಡದ ತಳದಲ್ಲಿ ಒಂದು ಹಕ್ಕಿಯ ಗುರುತೂ ಇರಲಿಲ್ಲ. ಅತ್ತೆ ನಡುವೆ ಒಂದು ಕಡೆ ನಿಂತರು.

"ಇಲ್ಲೇ ನಮ್ಮ ತೋಟ" ಅಂದರು.

ನಾನು ಅವರ ಕಾಲ ಬುಡ ನೋಡಿದೆ.

"ಅಲ್ಲಿ ಅಲ್ಲ ಅಮ್ಮಾಯ್. ಅಗೋ, ಅಲ್ಲಿ." ಅವರು ಕೈಯೆತ್ತಿ ತಮ್ಮ ತಲೆಯ ಮೇಲಿನ ಬರಿಯ ಗಾಳಿಯನ್ನು ತೋರಿಸಿದರು. "ಅಷ್ಟೆತ್ತರದಲ್ಲಿತ್ತು. ಅಲ್ಲಿ ನಮ್ಮ ಗುಡಿಸಲು. ಅದರ ಪಕ್ಕ ಬಳ್ಳಿ. ಅಲ್ಲಿಂದ ಹಾಗೆ ಅಕ್ಕ ಓಡಿದಳು." ಅವರ ಬೆರಳು ಗಾಳಿಯಲ್ಲಿ ಒಂದು ದಾರಿಯನ್ನು ಗೀಚಿತು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಎಂಜಿನಿಯರು ತಲೆಯೆತ್ತಿ ಬಹಳ ಹೊತ್ತು ಅಲ್ಲಿಗೇ ನೋಡಿದರು. ಖಾಲಿ ಆಕಾಶ, ಇಳಿಬಿಸಿಲು, ಅಷ್ಟೇ. "ಅದೀಗ ನಮ್ಮನೆ" ಅಂದರು.

ಅತ್ತೆ ಪೊಟ್ಟಣ ಬಿಚ್ಚಲಿಲ್ಲ. ಬಾಬೂ, ನಿನ್ನ ಫೋನಿನಲ್ಲಿ ನನ್ನ ಮಾತು ಹಿಡಿದುಕೋ, ಹೋಗಿ ಅವಳಿಗೆ ಕೇಳಿಸು ಅಂದರು. ಅವರು ಫೋನು ಹಿಡಿದು ನಿಂತರು. ಅತ್ತೆ ಸ್ವಲ್ಪ ದೂರ ಹೋಗಿ, ಹೊಂಡದ ಇನ್ನೂ ತಗ್ಗಿನ ಜಾಗದಲ್ಲಿ ನಿಂತು, ಮುಖ ಮೇಲಕ್ಕೆತ್ತಿ, ನಾನು ಎಂದೂ ಕೇಳದ ದೊಡ್ಡ ದನಿಯಲ್ಲಿ ಕೂಗಿದರು. "ಅಂದರಂ ಎಕ್ಕೇಶಾಂ ಅಕ್ಕಾ..." ಎಲ್ಲರೂ ಹತ್ತಿಬಿಟ್ಟೆವು ಅಕ್ಕಾ. ಮರಳಿನ ಗೋಡೆಗಳು ಆ ದನಿಯನ್ನು ನುಂಗಿಕೊಂಡವು. ಪ್ರತಿಧ್ವನಿ ಬರಲಿಲ್ಲ. ಅವರು ಉತ್ತರಕ್ಕೆ ಕಾಯುವವರ ಹಾಗೆ ನಿಂತೇ ಇದ್ದರು.

ಅವರ ಪಾದಗಳ ಸುತ್ತ ಮರಳಿನ ಬಣ್ಣ ಬದಲಾಗುತ್ತಿದ್ದದ್ದನ್ನು ನಾನು ನೋಡಿದೆ, ಆದರೆ ಏನೆಂದು ತಿಳಿಯಲಿಲ್ಲ. ಒಣಮರಳು ಕಪ್ಪಾಗುತ್ತಿತ್ತು. ಕಪ್ಪು ಹರಡುತ್ತಿತ್ತು. ಎಲ್ಲಿಂದಲೂ ನೀರು ಹರಿದು ಬರುತ್ತಿರಲಿಲ್ಲ, ಸದ್ದೂ ಇರಲಿಲ್ಲ; ನೆಲವೇ ಬೆವರುತ್ತಿತ್ತು. ನಾವು ಆಗಷ್ಟೇ ನಡೆದು ಬಂದ ಹೆಜ್ಜೆಗುರುತುಗಳು ಒಂದೊಂದಾಗಿ ತುಂಬಿಕೊಳ್ಳುತ್ತಿದ್ದವು.

ಕೂಗಿದ್ದು ಎಂಜಿನಿಯರು. ಅವರಿಗೆ ತೆಲುಗಿನಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು. "ನೀಳ್ಳೊಸ್ತನ್ನಾಯ್... ಗಟ್ಟೆಕ್ಕೂ..." ತಾಯಿಯ ಬಾಯಿಂದ ಕೇಳಿ ಕೇಳಿ ಕಲಿತದ್ದನ್ನು, ಅದೇ ಎಳೆತದಲ್ಲಿ, ಕೊನೆಗೆ ಹಾಗೇ ಮೇಲಕ್ಕೆತ್ತಿ ಬಿಟ್ಟರು.

ಅತ್ತೆ ತಿರುಗಿದರು. ಅವರ ಮುಖ ನನಗಿನ್ನೂ ಕಣ್ಣ ಮುಂದಿದೆ. ಭಯ ಒಂದಿಷ್ಟೂ ಇರಲಿಲ್ಲ. ಆಟ ಬಿಟ್ಟು ಮನೆಗೆ ಬಾ ಎಂದು ಕರೆಸಿಕೊಂಡ ಮಗುವಿನ ಮುಖ ಅದು, ಇಷ್ಟು ಬೇಗನಾ ಎನ್ನುವ ಹಾಗೆ. ಆಮೇಲೆ ನಡೆದು ಬಂದರು. ಎಂಜಿನಿಯರು ಒಂದು ಕೈ, ನಾನು ಒಂದು ಕೈ ಹಿಡಿದು ಇಳಿಜಾರು ಹತ್ತಿಸಿದೆವು. ಅರ್ಧ ಹತ್ತುವಾಗ ಅವರ ಮಂಡಿ ಮತ್ತೆ ನೋಯತೊಡಗಿತು. ಇಳಿಯುವಾಗ ಇಲ್ಲದ ಮುಪ್ಪು ಅಲ್ಲಿ ಬಂದು ಸೇರಿಕೊಂಡಿತು. ಕಟ್ಟೆಯ ಮೇಲೆ ಬಂದು ತಿರುಗಿ ನೋಡಿದರೆ ಅತ್ತೆ ನಿಂತಿದ್ದ ಜಾಗದಲ್ಲಿ ನೀರು ಮಿನುಗುತ್ತಿತ್ತು. ನೋಡುತ್ತಿದ್ದ ಹಾಗೇ ಹೊಂಡದ ಒಂದು ಬದಿಯ ಮರಳು ಕುಸಿದು, ಹೊಳೆಯ ನೀರೇ ಒಳಗೆ ಬಂತು.

ಕಾವಲಿನವನು ಓಡಿಬಂದು ಬೈದ. ಮೇಲೆ ಗೇಟು ಎತ್ತಿದ್ದಾರೆ, ಸೈರನ್ನು ಈ ಕಡೆಗೆ ಕೇಳುವುದಿಲ್ಲ, ಹೊಂಡಗಳಿಗೆ ಹೊಳೆಗಿಂತ ಮೊದಲು ತಳದಿಂದಲೇ ನೀರು ಬರುತ್ತದೆ, ಹೋದ ವರ್ಷ ಎರಡು ಎಮ್ಮೆ ಹೋದವು ಎಂದ. ಎಲ್ಲಕ್ಕೂ ಕಾರಣವಿತ್ತು. ನಾನು ವಿಜ್ಞಾನ ಓದಿದವಳು, ಆ ಕಾರಣ ಕೇಳಿ ನನಗೆ ಸಮಾಧಾನವಾಗಬೇಕಿತ್ತು.

ಸೀರೆಯನ್ನು ಹೊಳೆಗೆ ಬಿಡೋಣವಾ ಎಂದು ಕೇಳಿದೆ. ಅತ್ತೆ ಪೊಟ್ಟಣವನ್ನು ಎಂಜಿನಿಯರ ಕೈಗಿಟ್ಟರು. "ಇಲ್ಲಿಗೆ ಯಾಕೆ? ಅಕ್ಕ ಇಲ್ಲಿಲ್ಲ" ಅಂದರು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು. ನಮ್ಮಮ್ಮ ಸೀರೆ ಉಡುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಅವರು ಊರಿಗೆ ಹೋದ ಮೇಲೆ ನನಗೊಂದು ಸಂದೇಶ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಸಾಯಂಕಾಲ ಅಮ್ಮ ಗೋಡೆಯ ಕಡೆ ತಿರುಗಿ ಕೂತಾಗ ಅತ್ತೆಯ ದನಿಯನ್ನು ಕೇಳಿಸಿದರಂತೆ. ಆಕೆ ಪೂರ್ತಿ ಕೇಳಿ, ತಿರುಗಿ ಕೂತು ಟೀ ಕೇಳಿದರು. ಆ ಸಂಜೆ ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಎರಡು ದೇಶಗಳ ನಡುವಿನ ಮುನಿಸೂ ಮೆಲ್ಲಗೆ ಕರಗಿತು. ದೊಡ್ಡವರು ಅಲ್ಲಿಗೆ ಹೋದರು, ಅಲ್ಲಿಯವರು ಇಲ್ಲಿಗೆ ಬಂದರು, ಎರಡೂ ಬಾವುಟಗಳ ಮುಂದೆ ಕೈಕುಲುಕಿದ್ದನ್ನು ಟೀವಿಯಲ್ಲಿ ತೋರಿಸಿದರು. ನಮ್ಮ ಸಹೋದ್ಯೋಗಿ ಈಗ ಕುಟುಂಬ ಸಮೇತ ಅಲ್ಲಿಗೆ ಪ್ರವಾಸ ಹೋಗುವ ಯೋಚನೆಯಲ್ಲಿದ್ದಾರೆ. ಮರಳು ಹೋಗುತ್ತಲೇ ಇದೆ. ಸಹಿ ಹಾಕುವವಳು ನಾನೇ.

ನಮ್ಮ ಮನೆಯಲ್ಲಿ ಮಾತ್ರ ಒಂದು ಹೊಸ ರೂಢಿ ಬಂತು. ಸೀರೆ ತಲುಪಿತು ಎಂದು ತೋರಿಸಲು ಎಂಜಿನಿಯರು ಒಂದು ಮಧ್ಯಾಹ್ನ ವೀಡಿಯೋ ಕಾಲ್ ಮಾಡಿದ್ದರು. ಅಂದಿನಿಂದ ಅತ್ತೆ ಮತ್ತು ಆ ತಾಯಿ ಆಗಾಗ ಮಾತಾಡುತ್ತಾರೆ. ಅತ್ತೆಯದು ತೆಲುಗು, ಆಕೆಯದು ದ್ವೀಪದ ಭಾಷೆ. ಒಬ್ಬರ ಒಂದು ಪದವೂ ಇನ್ನೊಬ್ಬರಿಗೆ ಬರುವುದಿಲ್ಲ. ವಯಸ್ಸಿನಲ್ಲಿ ಆಕೆ ಅತ್ತೆಗಿಂತ ಚಿಕ್ಕವರು, ಆದರೂ ಅತ್ತೆ ಅಕ್ಕಾ ಎಂದೇ ಕರೆಯುತ್ತಾರೆ, ಆಕೆ ಹೂಂ ಎಂದು ಓಗೊಡುತ್ತಾರೆ. ಊಟದ ಹೊತ್ತು ಮೀರಿದರೂ ಮಾತು ಮುಗಿಯುವುದಿಲ್ಲ. ಮೊದಲೆಲ್ಲ ನಾನು ನಗುತ್ತಿದ್ದೆ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುವ ಸರಿಯಾದ ಹೊತ್ತನ್ನು ಗಮನಿಸಿದ ಮೇಲೆ ನಗುವುದನ್ನು ಬಿಟ್ಟೆ.

ಒಂದು ಭಾನುವಾರ ನಾನು ಬಟ್ಟೆಯ ಬುಟ್ಟಿ ಹಿಡಿದು ಹಿಂದಿನಿಂದ ಹಾದುಹೋಗುತ್ತಿದ್ದಾಗ ಅತ್ತೆ ನನ್ನನ್ನು ಕರೆದು ಫೋನಿನ ಮುಂದೆ ನಿಲ್ಲಿಸಿದರು. ಪರದೆಯಲ್ಲಿ ಒಂದು ಸುಕ್ಕು ಮುಖ, ನಗುವ ಕಣ್ಣು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಏನೋ ಅಂದರು.

"ಸಣ್ಣಗಾಗಿದ್ದೀಯಂತೆ" ಅಂದರು ಅತ್ತೆ. "ಸರಿಯಾಗಿ ತಿನ್ನೋದಿಲ್ವಾ ಅಂತ ಕೇಳ್ತಿದ್ದಾಳೆ."

"ನಿಮಗೆ ಹೇಗೆ ಅರ್ಥವಾಗುತ್ತೆ ಅತ್ತಯ್ಯಾ?"

"ಅರ್ಥ ಏನು ಆಗೋದು, ಹೇಳ್ತಾಳಲ್ಲ" ಅಂದು ಮತ್ತೆ ಫೋನಿನ ಕಡೆ ತಿರುಗಿದರು.

ಮನಸ್ಸು ತಡೆಯದೆ ಅಂದು ಸಂಜೆ ಎಂಜಿನಿಯರಿಗೆ ಫೋನು ಮಾಡಿ, ನಿಮ್ಮಮ್ಮ ನನ್ನನ್ನು ನೋಡಿ ಏನಂದರು ಎಂದು ಕೇಳಿದೆ. ಅವರು ಆಗ ಪಕ್ಕದಲ್ಲೇ ಇದ್ದರಂತೆ.

"ಬೇಜಾರು ಮಾಡ್ಕೋಬೇಡಿ ಮೇಡಂ, ವಯಸ್ಸಾದವ್ರು" ಅಂದರು. "ಈ ಹುಡ್ಗಿ ಮೊದ್ಲಿಗಿಂತ ಸಣ್ಣ ಆಗಿದಾಳೆ ಅಂದ್ರು."

ಆಕೆ ನನ್ನನ್ನು ನೋಡಿದ್ದು ಅದೇ ಮೊದಲ ಸಲ. ಅದನ್ನು ನಾನು ಅವರಿಗೆ ನೆನಪಿಸಲಿಲ್ಲ. ಬೇಜಾರಿಲ್ಲ, ಅಮ್ಮನಿಗೆ ಕೇಳಿದೆ ಅಂತ ಹೇಳಿ ಅಂದು ಫೋನಿಟ್ಟೆ. ಒಳಗೆ ಅತ್ತೆ ನನ್ನ ಮಗಳಿಗೆ ತಲೆ ಬಾಚುತ್ತಿದ್ದರು. ನಿಮ್ಮಮ್ಮನಿಗೆ ಇವತ್ತಿನಿಂದ ಒಂದು ಚಮಚ ತುಪ್ಪ ಜಾಸ್ತಿ ಬಡಿಸಬೇಕಂತೆ ಎಂದು ಅವಳಿಗೆ ಹೇಳುತ್ತಿದ್ದದ್ದು ಕೇಳಿಸಿತು.